ಮಧ್ಯಾಹ್ನದ ಮಗ್ರಿಬ್

ಭಾನುವಾರ ಸಂಜೆ ನಮ್ಮ ಮನೆಯಲ್ಲಿ ಟಿವಿ ಹಾಕಲಿಕ್ಕೆ ನಾನು ಬಿಡುದಿಲ್ಲ. ನನ್ನ ಗಂಡ ಗ್ರೆಗರಿ ಫೋನ್ ಹಿಡ್ಕೊಂಡು ಬಾಲ್ಕನಿಗೆ ಹೋಗಿ, ಚಳಿಯಲ್ಲಿ ನಡುಗಿಕೊಂಡು ಸ್ಕೋರ್ ನೋಡಿ ಬರ್ತಾರೆ. ನೋಡಲಿ. ಶೀತ ಆದರೆ ಕಷಾಯ ಮಾಡಿಕೊಡುದು ನಾನೇ. ಆದರೆ ಹೆಲ್ಮೆಟಿಗೆ ಹೆಲ್ಮೆಟ್ ಬಡಿಯುವ ಆ ಸದ್ದು ನನ್ನ ಮನೆಯೊಳಗೆ ಕೇಳಬಾರದು, ಅಷ್ಟೇ.

ಅಮೆರಿಕನ್ ಫುಟ್‌ಬಾಲ್ ಅಂತೆ. ಕಾಲಲ್ಲಿ ಒದೆಯುದು ಅಪರೂಪ. ಮೊಟ್ಟೆಯ ಹಾಗಿರುವ ಬಾಲನ್ನು ಕಂಕುಳಲ್ಲಿ ಇಟ್ಟುಕೊಂಡು ಓಡುದು, ಎದುರು ಬಂದವನನ್ನು ಗುದ್ದಿ ಕೆಡವುದು, ಅದಕ್ಕೆ ಹೆಸರು ಫುಟ್‌ಬಾಲ್. ನಾವು ಜರ್ಮನಿಯ ಈ ರೇಗನ್ಸ್‌ಬರ್ಗ್‌ಗೆ ಬಂದ ಹೊಸತರಲ್ಲಿ ಇದರ ಸುದ್ದಿ ಎತ್ತುವವರೇ ಇರಲಿಲ್ಲ. ಈಗ ನೋಡಬೇಕು. ಮ್ಯೂನಿಕ್‌ನಲ್ಲಿ ಆಡಿದ್ರು, ಫ್ರಾಂಕ್‌ಫರ್ಟ್‌ನಲ್ಲಿ ಆಡಿದ್ರು, ಈಗ ಬರ್ಲಿನ್‌ನಲ್ಲಿ. ಅಮೆರಿಕದಿಂದ ತಂಡಗಳು ವಿಮಾನ ಹತ್ತಿ ಬರುದು, ಇಲ್ಲಿಯವರು ಟಿಕೆಟಿಗೆ ಮುಗಿಬೀಳುದು. ಚಿಪ್ಸ್ ಪ್ಯಾಕೆಟಿನ ಮೇಲೆ ಹೆಲ್ಮೆಟ್, ಬೇಕರಿಯಲ್ಲಿ ಆ ಬಾಲಿನ ಆಕಾರದ ಬ್ರೆಡ್ಡು. ಸೋಮವಾರ ಆಫೀಸಿಗೆ ಹೋದರೆ ಕಾಫಿ ಮೆಷಿನ್ ಹತ್ತಿರ ಅದೇ ಮಾತು. ಕಿನ್ನಿಗೋಳಿಯಲ್ಲಿ ತೆಂಗಿನ ಕೊತ್ತಳಿಂಗೆಯನ್ನು ಬ್ಯಾಟ್ ಮಾಡಿ ಕ್ರಿಕೆಟ್ ಆಡಿದ ನನ್ನ ಗಂಡ ಕೂಡ ಒಂದು ಜೆರ್ಸಿ ತಗೊಂಡು, ಸಿಕ್ಕಿದವರಿಗೆಲ್ಲ ರೂಲ್ಸ್ ವಿವರಿಸಲಿಕ್ಕೆ ಶುರು ಮಾಡಿದರು.

ನಾನು ಹೇಳಲಿಕ್ಕೆ ಹೊರಟದ್ದು ಆಟದ ಬಗ್ಗೆ ಅಲ್ಲ ಮಾರಾಯ್ರೇ, ನಮ್ಮ ಕೆಳಗಿನ ಮನೆಯ ಹಫೀಜಾಳ ಬಗ್ಗೆ. ಆದರೆ ಈಗ ಆ ಆಟವನ್ನು ಬಿಟ್ಟು ಅವಳ ಬಗ್ಗೆ ಹೇಳಲಿಕ್ಕೇ ಆಗುದಿಲ್ಲ. ನನ್ನ ಸಿಟ್ಟು ಇರುದೇ ಅಲ್ಲಿ.

ಅವಳನ್ನು ನಾನು ಮೊದಲು ನೋಡಿದ್ದು ಈ ಬಿಲ್ಡಿಂಗಿನ ನೆಲಮಾಳಿಗೆಯಲ್ಲಿ, ಎಲ್ಲರೂ ಬಟ್ಟೆ ಒಗೆಯುವ ವಾಶ್‌ಕ್ಯೂಷೆಯಲ್ಲಿ. ತಲೆ ತುಂಬ ದುಪಟ್ಟಾ ಹೊದ್ದುಕೊಂಡು, ಸೊಂಟದ ಮೇಲೆ ದಪ್ಪ ಮಗುವೊಂದನ್ನು ಏರಿಸಿಕೊಂಡು, ಒಬ್ಬಳು ಮೆಷಿನಿನ ಗುಂಡಿ ಒತ್ತಿ ಒತ್ತಿ ಸುಸ್ತಾಗಿ ನಿಂತಿದ್ದಳು. "ಇದರ ಮನಿ ಹಾಳಾಗ" ಅಂದಳು, ತನ್ನಷ್ಟಕ್ಕೆ. ನಾನು ಹಿಂದಿನಿಂದ, "ಬಾಗಿಲು ಸರಿಯಾಗಿ ಹಾಕಿಲ್ಲ ಮಾರಾಯ್ತಿ, ಅದಕ್ಕೇ" ಅಂದೆ. ಅವಳು ತಿರುಗಿ ನನ್ನನ್ನು ನೋಡಿದ ರೀತಿ ಈಗಲೂ ಕಣ್ಣಿಗೆ ಕಟ್ಟಿದ ಹಾಗೆ ಉಂಟು. ಮಗುವಿನ ಸಮೇತ ನನ್ನನ್ನು ತಬ್ಬಿಕೊಂಡು ಅತ್ತೇಬಿಟ್ಟಳು. ಬಂದು ಎರಡು ತಿಂಗಳಾಗಿತ್ತಂತೆ, ಗಂಡನನ್ನು ಬಿಟ್ಟರೆ ಮಾತಾಡಲಿಕ್ಕೆ ಜನ ಇರಲಿಲ್ಲ.

ಊರು ಹಳೇ ಹುಬ್ಬಳ್ಳಿ. ಅಪ್ಪನದ್ದು ಟೈಲರ್ ಅಂಗಡಿ. ಬಿ.ಎಸ್ಸಿ. ಓದಿದ್ದರೂ ಅವಳ ಕೈ ಇದ್ದದ್ದು ಹೊಲಿಗೆಯಲ್ಲಿ. ಗಂಡ ಹಿದಾಯತುಲ್ಲಾ ಇಲ್ಲಿ ಕಾರಿನ ಬಿಡಿಭಾಗಗಳ ಕಂಪೆನಿಯಲ್ಲಿ ಎಂಜಿನಿಯರ್. ನಾವು ಹಿದಾಯತ್ ಭಾಯಿ ಅಂತ ಕರೆಯುದು. ಮಾತೇ ಇಲ್ಲದ ಮನುಷ್ಯ, ಕೇಳಿದರೆ ತಲೆ ಆಡಿಸ್ತಾರೆ. ಹಫೀಜಾಳಿಗೆ ಮಾತ್ರ ಬಾಯಿ ಮುಚ್ಚಿ ಗೊತ್ತಿಲ್ಲ. "ಅಕ್ಕಾರ, ನೀವು ಮಂಗಳೂರಿನವ್ರು ಪುಸ್ತಕಾ ಓದಿದಂಗ ಮಾತಾಡ್ತೀರಿ, ಸಿಟ್ಟ ಬಂದ್ರೂ ಗೊತ್ತಾಗಂಗಿಲ್ಲ" ಅಂತ ನನ್ನನ್ನು ತಮಾಷೆ ಮಾಡುವಳು. "ನೀನು ಪ್ರೀತಿಯಲ್ಲಿ ಮಾತಾಡಿದರೂ ಜಗಳ ಆಡಿದ ಹಾಗೆ ಕೇಳ್ತದೆ" ಅಂತ ನಾನು. ನಮ್ಮ ಕ್ರಿಸ್‌ಮಸ್ಸಿಗೆ ಅವಳು ಗುಲಾಬ್ ಜಾಮೂನು, ಅವರ ಈದಿಗೆ ನಾನು ನೀರುದೋಸೆ. ಹೀಗೆ ಹದಿಮೂರು ವರ್ಷ.

ಮಗು ಅಂದೆನಲ್ಲ, ಅವನೇ ಮುಆಜ್. ಒಬ್ಬನೇ ಮಗ. ದೊಡ್ಡ ದೇಹ, ಹುಟ್ಟಿದಾಗಿನಿಂದ ಹಾಗೆಯೇ. ಮನೆಯೊಳಗೆ ಅವರದ್ದು ಉರ್ದು, ನಮ್ಮೊಟ್ಟಿಗೆ ಕನ್ನಡ, ಯಾವುದರಲ್ಲಿ ಕೇಳಿದರೂ ಅವನ ಉತ್ತರ ಜರ್ಮನ್‌ನಲ್ಲಿ. ಶಾಲೆಯಲ್ಲಿ ಮಕ್ಕಳು ಅವನನ್ನು ಬಹಳ ಗೋಳು ಹುಯ್ದುಕೊಂಡರು. ಕಾಲಲ್ಲಿ ಆಡುವ ಫುಟ್‌ಬಾಲಿನಲ್ಲಿ ಅವನನ್ನು ಗೋಲಿನಲ್ಲಿ ನಿಲ್ಲಿಸುದು, ಯಾಕೆಂದರೆ ಅವನು ನಿಂತರೆ ಗೋಲೇ ಕಾಣುದಿಲ್ಲ ಅಂತ. ಆಮೇಲೆ ಅದಕ್ಕೂ ಕರೆಯಲಿಲ್ಲ. ಬುತ್ತಿ ತೆಗೆದುಕೊಂಡು ಹೋಗುದನ್ನೇ ಬಿಟ್ಟ ಹುಡುಗ. ಹಫೀಜಾ ನನ್ನ ಅಡುಗೆಮನೆಯಲ್ಲಿ ಕೂತು, "ನನ್ನ ಮಗಾ ಹಸಗೊಂಡು ಸಾಲಿಗೆ ಹೊಕ್ಕಾನ ಅಕ್ಕಾರ, ನಾ ಯಾರ ಮುಂದ ಹೇಳ್ಲಿ" ಅಂತ ಅಳುವಳು.

ಒಂದು ದಿನ ಡೊನಾವ್ ಬೈಸನ್ಸ್ ಅನ್ನುವ ಕ್ಲಬ್ಬಿನ ಕೋಚ್ ಅವರ ಶಾಲೆಗೆ ಬಂದ. ಈ ಆಟದ ಹುಚ್ಚು ಹಿಡಿದ ಮೇಲೆ ಇಂಥ ಕ್ಲಬ್ಬಿನವರು ಹುಡುಗರನ್ನು ಹುಡುಕಿಕೊಂಡು ಶಾಲೆಯಿಂದ ಶಾಲೆಗೆ ತಿರುಗುದುಂಟು. ಸಾಲಾಗಿ ನಿಲ್ಲಿಸಿದ ಹುಡುಗರಲ್ಲಿ ಕೋಚ್ ನೇರ ಬಂದು ನಿಂತದ್ದು ಮುಆಜನ ಎದುರು. "ನಿನ್ನಂಥವನನ್ನೇ ನಾನು ಹುಡುಕ್ತಾ ಇದ್ದದ್ದು" ಅಂದನಂತೆ. ಹುಡುಗ ಮನೆಗೆ ಬಂದು ಆ ಮಾತನ್ನು ಅಮ್ಮನಿಗೆ ಮತ್ತೆ ಮತ್ತೆ ಹೇಳಿದ. ಅವಳು ನನಗೆ ಬಂದು ಹೇಳಿದಳು. "ಈ ದೇಶದಾಗ ನಮ್ಮನ್ನ ಹುಡುಕ್ಯಾಡ್ಕೋತ ಯಾರರ ಬಂದಿದ್ರ ಇವನೊಬ್ಬನs ನೋಡ್ರಿ" ಅಂದಳು. ಆ ದಿನ ಅವಳ ಮುಖ ಅರಳಿದ್ದನ್ನು ನೋಡಿ ನನಗೂ ಖುಷಿ ಆಗಿತ್ತು. ಸುಳ್ಳು ಯಾಕೆ ಹೇಳಲಿ.

ಮೊದಲ ಮ್ಯಾಚಿಗೆ ನಾವೆಲ್ಲ ಒಟ್ಟಿಗೆ ಹೋದೆವು. ಹಫೀಜಾ ದುಪಟ್ಟಾದಲ್ಲಿ ಕಣ್ಣು ಮುಚ್ಚಿಕೊಂಡು, ಸಂದಿಯಲ್ಲಿ ಇಣುಕಿ, ಮತ್ತೆ ಮುಚ್ಚಿಕೊಂಡು, ಹೀಗೆ ಇಡೀ ಆಟ ನೋಡಿದಳು. ಗ್ರೆಗರಿ ಅವಳಿಗೆ ಪಾಠ ಮಾಡಿದರು: ಮುಆಜನ ಕೆಲಸ ಬಾಲ್ ಎಸೆಯುವ ಹುಡುಗನ ಎದುರು ಅಡ್ಡ ನಿಲ್ಲುದು, ಯಾರೂ ಅವನ ಹತ್ತಿರ ಬರದ ಹಾಗೆ ನೋಡುದು.

"ಅಂದ್ರ ನನ್ನ ಮಗಾ ಬಾಲ್ ಮುಟ್ಟಂಗs ಇಲ್ಲ? ಬರೇ ಹೊಡಿಸ್ಕೊಳ್ಳೂದು?" ಅಂತ ಕೇಳಿದಳು.

"ಹೊಡೆಸಿಕೊಳ್ಳುದಲ್ಲ ಹಫೀಜಾ, ತಡೆಯುದು" ಅಂದರು ಗ್ರೆಗರಿ.

"ಎರಡೂ ಒಂದs ಆತಲ್ರಿ" ಅಂದಳು.

ಆಟ ಹಿಡಿಸದಿದ್ದರೂ ಅವಳು ಆ ತಂಡದವಳಾಗಿಹೋದಳು. ಎಳೆದಾಟದಲ್ಲಿ ಹುಡುಗರ ಜೆರ್ಸಿ ಹರಿಯುದು, ಪ್ಯಾಂಟಿನ ಹೊಲಿಗೆ ಬಿಚ್ಚುದು, ಎಲ್ಲ ಇವಳ ಹೊಲಿಗೆ ಮೆಷಿನಿಗೆ. ಸೋಮವಾರ ಬಂತೆಂದರೆ ಅವರ ಮನೆ ಬಾಗಿಲಲ್ಲಿ ಬೆವರು ನಾರುವ ನೀಲಿ ಚೀಲ. ಮ್ಯಾಚ್ ದಿನ ಜರ್ಮನ್ ಅಮ್ಮಂದಿರು ಕೇಕ್ ಮಾರುವ ಮೇಜಿನಲ್ಲಿ ಇವಳ ಸಮೋಸ. ಮೊದಲು ಖಾಲಿಯಾಗುದು ಸಮೋಸವೇ. ಹುಡುಗರೆಲ್ಲ "ಮಾಮಾ ಹಫೀಜಾ" ಅಂತ ಕರೆಯುವಾಗ ಅವಳಿಗೆ ಬೀಗುದು ಬೇಡವಾ? ಬೀಗಿದಳು.

ಅವರ ಮನೆಯ ಒಂದು ಪದ್ಧತಿ ಹೇಳಬೇಕು. ಇಲ್ಲಿ ಬೀದಿಯಲ್ಲಿ ಅಜಾನ್ ಕೇಳುದಿಲ್ಲ. ಹಾಗಾಗಿ ರಂಜಾನಿನ ತಿಂಗಳು ಸೂರ್ಯ ಮುಳುಗುವಾಗ, ಅವರು ಮಗ್ರಿಬ್ ಅಂತಾರೆ, ಹಿದಾಯತ್ ಭಾಯಿ ಕಿಟಕಿಗಳನ್ನು ಮುಚ್ಚಿ, ಹಾಲಿನಲ್ಲಿ ನಿಂತು, ನೆರೆಯವರಿಗೆ ತೊಂದರೆ ಆಗದ ಹಾಗೆ ಮೆಲ್ಲ ಅಜಾನ್ ಕೊಡ್ತಾರೆ. ಆ ಮಾತಿಲ್ಲದ ಮನುಷ್ಯನಿಗೆ ಎಂಥ ಸ್ವರ ಅಂತೀರಿ. ಅವರು ಕೂಗಿ ಮುಗಿಸದೆ ಮುಆಜ್ ಖರ್ಜೂರ ಬಾಯಿಗಿಡುದಿಲ್ಲ. ಫೋನಿನಲ್ಲಿ ಅಜಾನ್ ಬಂದರೂ ಇಲ್ಲ. ಸಣ್ಣವನಿದ್ದಾಗಿನಿಂದ ಅವನಿಗೆ ಅಪ್ಪನ ಅಜಾನೇ ಆಗಬೇಕು.

ಹೋದ ಮಾರ್ಚ್, ರಂಜಾನಿನ ನಡುವೆಯೇ ಒಂದು ಪ್ರಾಕ್ಟೀಸ್ ಮ್ಯಾಚ್ ಬಂತು. ಅಮೆರಿಕದ ಒಂದು ಕಾಲೇಜಿನ ಕೋಚ್ ಹುಡುಗರನ್ನು ನೋಡಲಿಕ್ಕೆ ಬರ್ತಾನೆ ಅಂತ ಸುದ್ದಿ. ಪಕ್ಕದ ಊರಿನ ಹುಡುಗನೊಬ್ಬ ಹಾಗೆಯೇ ಆಯ್ಕೆಯಾಗಿ ಅಲ್ಲಿಗೆ ಹೋಗಿ, ಪೇಪರಿನಲ್ಲಿ ಫೋಟೋ ಬಂದಿತ್ತು. ಬೈಸನ್ಸ್‌ನ ಕೋಚ್ ಮುಆಜನಿಗೂ "ನಿನ್ನನ್ನು ನೋಡ್ತಾನೆ" ಅಂದಿದ್ದ. ಹಫೀಜಾಳಿಗೆ ಮಗ ಅಮೆರಿಕಕ್ಕೆ ಹೋಗುದು ಖಂಡಿತ ಬೇಡ. ಆದರೆ ಅವನನ್ನು ಕರೆಯಬೇಕು ಅಂತ ಆಸೆ. ಕರೆದ ಮೇಲೆ ಬೇಡ ಅನ್ನಲಿಕ್ಕಾದರೂ ಕರೆಯಬೇಕಲ್ಲ.

ಆ ವಾರದ ಮೊದಲಲ್ಲಿ ಪ್ರಾಕ್ಟೀಸ್ ಮಾಡುವಾಗ ಅವನ ತಲೆಗೆ ಪೆಟ್ಟು ಬಿದ್ದಿತ್ತು. ಇದು ನಮಗೆ ಗೊತ್ತಾದದ್ದು ಆಮೇಲೆ, ಜೊತೆಯ ಹುಡುಗರು ಆಸ್ಪತ್ರೆಯಲ್ಲಿ ಅತ್ತುಕೊಂಡು ಹೇಳಿದಾಗ. ತಲೆಗೆ ಪೆಟ್ಟಾಗಿದೆ ಅಂತ ಗೊತ್ತಾದರೆ ಈ ಆಟದಲ್ಲಿ ಕೆಲವು ವಾರ ಹೊರಗೆ ಕೂರಿಸ್ತಾರಂತೆ. ಹೊರಗೆ ಕೂತರೆ ಅಮೆರಿಕದವನು ನೋಡುದು ಯಾರನ್ನು? ಹುಡುಗ ಬಾಯಿ ಬಿಡಲಿಲ್ಲ. ತಲೆನೋವು ಅಂತ ಹಣೆ ಹಿಡಿದಾಗ ಕೋಚ್ ಕೇಳಿದರೆ "ರಂಜಾನ್" ಅಂದ. ಅಮ್ಮ ಕೇಳಿದರೆ "ರೋಜಾ ಅಮ್ಮಿ, ನೀರು ಕುಡಿದಿಲ್ಲಲ್ಲ" ಅಂದ. ಇಬ್ಬರೂ ನಂಬಿದರು. ಯಾಕೆ ನಂಬಬಾರದು ಹೇಳಿ? ನೀರು ಕುಡಿಯದೆ ಓಡಿದರೆ ಯಾರಿಗಾದರೂ ತಲೆ ನೋಯ್ತದೆ. ಹಿದಾಯತ್ ಭಾಯಿ ಅಂದರಂತೆ, "ಮ್ಯಾಚ್ ದಿನ ರೋಜಾ ಬಿಡು, ಆಮೇಲೆ ತೀರಿಸಬಹುದು" ಅಂತ. ಬಿಡುದಿಲ್ಲ ಅಂತ ಹಟ ಹಿಡಿದ. ರೋಜಾ ಬಿಟ್ಟರೆ ಆ ತಲೆನೋವನ್ನು ಯಾವುದರ ಮೇಲೆ ಹಾಕುದು, ಪಾಪ.

ಮ್ಯಾಚ್ ಇದ್ದದ್ದು ಶನಿವಾರ ಮಧ್ಯಾಹ್ನ. ನಾನು ಹಫೀಜಾಳ ಜೊತೆ ಸಮೋಸದ ಮೇಜಿನಲ್ಲಿ ಇದ್ದೆ. ಉಪವಾಸ ಇದ್ದುಕೊಂಡು ಕರಿದದ್ದು, ರುಚಿ ನೋಡುವ ಹಾಗಿಲ್ಲ. "ಉಪ್ಪು ನೋಡ್ರಿ ಅಕ್ಕಾರ, ನಿಮ್ಮ ನಾಲಗಿ ನಂಬೀನಿ" ಅಂದಳು. ಸ್ವಲ್ಪ ಕಡಿಮೆಯಾಗಿತ್ತು, ಸರಿ ಉಂಟು ಅಂದೆ.

ಎರಡನೇ ಅರ್ಧದಲ್ಲಿ ಎದುರಿನ ಹುಡುಗನೊಬ್ಬ ಓಡಿಬಂದು ಗುದ್ದಿದ. ಹೆಲ್ಮೆಟಿಗೆ ಹೆಲ್ಮೆಟ್. ನಮ್ಮ ಮೇಜಿನವರೆಗೆ ಕೇಳಿತು. ಮುಆಜ್ ಬಿದ್ದ, ಎದ್ದ. ಎದ್ದು ನಡೆದುಹೋಗಿ ಎದುರಿನ ತಂಡದ ಹುಡುಗರ ನಡುವೆ ನಿಂತುಕೊಂಡ. ಆ ಹುಡುಗರು ನಗಾಡಿದರು, ಬೆಂಚಿನವರು ನಗಾಡಿದರು, ಗ್ರೆಗರಿ ಹೊಟ್ಟೆ ಹಿಡಿದುಕೊಂಡು ನಗಾಡಿದರು. "ರಂಜಾನ್, ರಂಜಾನ್" ಅಂತ ಕೋಚ್ ತಲೆ ಆಡಿಸಿ ಅವನನ್ನು ಹೊರಗೆ ಕರೆದ. ಹಫೀಜಾ ಆಗ ಚಟ್ನಿ ಹಾಕಿಕೊಡ್ತಾ ಇದ್ದಳು.

ಬೆಂಚಿನಲ್ಲಿ ಕೂರಿಸಿ ನೀರು ಕೊಟ್ಟರು, ಕುಡಿಯಲಿಲ್ಲ. ಫಸ್ಟ್ ಏಡಿನ ಹುಡುಗಿ ಎದುರು ಕೂತು ಪ್ರಶ್ನೆ ಕೇಳಿದಳು. ತಲೆ ಸರಿ ಉಂಟಾ ಅಂತ ನೋಡಲಿಕ್ಕೆ ಹಾಗೆ ಏನಾದರೂ ಕೇಳ್ತಾರಂತೆ. "ಬೆಳಗ್ಗೆ ಎಂತ ತಿಂದೆ?" ಅಂದಳು. "ಏನೂ ತಿಂದಿಲ್ಲ, ಉಪವಾಸ" ಅಂದ. ಅವಳು ಪಾಪ ಅನ್ನುವ ಹಾಗೆ ಅವನ ಬೆನ್ನು ತಟ್ಟಿದಳು. ಕೋಚ್ ಒಂದು ಬಾಟಲಿ ನೀರನ್ನು ತಲೆಗೆ ಸುರಿದ. ಪಕ್ಕದಲ್ಲೇ ನಿಂತಿದ್ದ ಗ್ರೆಗರಿ ಇದನ್ನೆಲ್ಲ ಕೇಳಿ, ಹಫೀಜಾ ಗಿರಾಕಿಗಳ ನಡುವೆ ಇರುವಾಗ ನನಗೆ ಬಂದು, "ಎಂಥ ಹುಡುಗ ನೋಡು, ಬೆಳಗ್ಗಿನಿಂದ ಹೊಟ್ಟೆಗೆ ಏನಿಲ್ಲ, ಆದರೂ ಆಡಿದ" ಅಂತ ಹೆಮ್ಮೆಯಲ್ಲಿ ಹೇಳಿದರು. ಅಮೆರಿಕದವನು ಟೋಪಿ ಸರಿಮಾಡಿಕೊಂಡು ಹೊರಟುಹೋಗಿದ್ದ.

ನಮ್ಮ ಕಾರಿನಲ್ಲೇ ವಾಪಸು ಬಂದದ್ದು. ಪಾರ್ಕಿಂಗಿನಲ್ಲಿ ಇಳಿದವನೇ ಮುಆಜ್ ಬಗ್ಗಿ ವಾಂತಿ ಮಾಡಿದ. ಬಾಯಿ ಒರೆಸಿಕೊಂಡು, ಮ್ಯಾಚಿಗೆ ಬಾರದೆ ಮನೆಯಲ್ಲೇ ಉಳಿದು ಈಗ ಕೆಳಗೆ ಬಂದ ಅಪ್ಪನನ್ನು ಕೇಳಿದ್ದು ಒಂದೇ ಮಾತು: ರೋಜಾ ಮುರೀತಾ? ಹಿದಾಯತ್ ಭಾಯಿ, "ತಾನಾಗಿ ಬಂದರೆ ಮುರಿಯುದಿಲ್ಲ" ಅಂದರು. ಹೌದಂತೆ, ನಿಯಮ ಹಾಗೆಯೇ ಇರುದಂತೆ. "ಖಾಲಿ ಹೊಟ್ಟಿ, ಪಿತ್ತ ಆಗೇತಿ" ಅಂದಳು ಹಫೀಜಾ. ಬೆಳಕು ನೋಡಲಿಕ್ಕೆ ಆಗುದಿಲ್ಲ ಅಂದದ್ದಕ್ಕೆ ಅವನ ಕೋಣೆಯ ರೋಲಾಡನ್ ಇಳಿಸಿದಳು. ಇಲ್ಲಿಯ ಕಿಟಕಿಗಳಿಗೆ ಹೊರಗಿನಿಂದ ಇರ್ತದಲ್ಲ, ಅಂಗಡಿ ಶಟರಿನ ಹಾಗೆ, ಇಳಿಸಿದರೆ ಹಗಲಲ್ಲೂ ಕೋಣೆ ಕಪ್ಪು. ಇಫ್ತಾರಿಗೆ ಎಬ್ಬಿಸ್ತೀನಿ ಅಂತ ಹೇಳಿ ಬಾಗಿಲು ಎಳೆದುಕೊಂಡಳು.

ಸ್ವಲ್ಪ ಹೊತ್ತಿಗೆ ನನಗೆ ಫೋನ್ ಮಾಡಿದಳು. ಶರಬತ್ತಿಗೆ ಸಬ್ಜಾ ನೆನೆಸಿದ್ದೇನೆ, ನೀವೂ ಬನ್ನಿ ಅಂತ. "ಹೇಗಿದ್ದಾನೆ?" ಅಂತ ಕೇಳಿದೆ. "ಗೊರಕಿ ಹೊಡ್ಯಾಕತ್ತಾನ ಅಕ್ಕಾರ. ವಾರಾತು, ಇಷ್ಟ ಚಲೋ ನಿದ್ದಿ ಮಾಡಿದ್ದಿಲ್ಲ" ಅಂದಳು. ಸಮಾಧಾನ ಇತ್ತು ಆ ಸ್ವರದಲ್ಲಿ. ಆ ಗೊರಕೆ ನಿದ್ದೆಯದ್ದಲ್ಲ ಅಂತ ಆಮೇಲೆ ಡಾಕ್ಟರು ಹೇಳಿದರು.

ಹಿದಾಯತ್ ಭಾಯಿ ಅಜಾನ್ ಕೊಟ್ಟದ್ದು ನಮ್ಮ ಅಡುಗೆಮನೆಗೆ ಮೆಲ್ಲ ಕೇಳಿತು. ನಾನು ಕೆಳಗೆ ಹೋಗಲಿಕ್ಕೆ ಚಪ್ಪಲಿ ಹಾಕಿಕೊಳ್ತಾ ಇದ್ದೆ. ಆಗ ಹಫೀಜಾ ಕಿರುಚಿದ್ದು. ಅಂಥ ಸ್ವರ ನಾನು ಯಾವ ಮನುಷ್ಯರ ಬಾಯಿಂದಲೂ ಕೇಳಿರಲಿಲ್ಲ. ಹೋಗಿ ನೋಡಿದರೆ ಕತ್ತಲೆ ಕೋಣೆಯಲ್ಲಿ ಮಗನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು, ಒಂದು ಕೈಯಲ್ಲಿ ಖರ್ಜೂರ ಹಿಡಿದುಕೊಂಡು, "ಏಳಪಾ, ಅಜಾನ್ ಆತು, ಏಳಪಾ" ಅಂತ ಕೆನ್ನೆ ತಟ್ಟುತ್ತಾ ಇದ್ದಳು. ಆಂಬುಲೆನ್ಸಿನವರು ಬಂದು ಅವಳ ಕೈ ಬಿಡಿಸಬೇಕಾಯಿತು.

ಆಸ್ಪತ್ರೆಯ ಕಾರಿಡಾರಿನಲ್ಲಿ ಡಾಕ್ಟರು ಕೇಳಿದರು, ವಾಂತಿ ಯಾವಾಗ ಆಯಿತು, ಆಮೇಲೆ ಏನು ಮಾಡಿದಿರಿ ಅಂತ. ಹಫೀಜಾ ತನ್ನ ಜರ್ಮನ್‌ನಲ್ಲಿ ಒಂದೊಂದೇ ಶಬ್ದ ಜೋಡಿಸಿ, ಮಲಗಿಸಿದೆ ಅಂತ ಹೇಳಿದಳು. ಡಾಕ್ಟರು ಬೈಯಲಿಲ್ಲ, ತಲೆ ಆಡಿಸಿ ಹೋದರು. ಮಿದುಳಿನ ಮೇಲೆ ರಕ್ತ ತುಂಬಿತ್ತಂತೆ, ತಲೆಬುರುಡೆ ತೆರೆಯಬೇಕಂತೆ. ನಾವು ಕೂತೆವು. ನಾನು ರೋಸರಿ ಹಿಡಿದೆ, ಹಫೀಜಾ ತಸ್ಬೀಹ್ ಹಿಡಿದಳು. ಸುಮ್ಮನಿರಲಿಕ್ಕೆ ಗೊತ್ತಿಲ್ಲದ ನನ್ನ ಗಂಡ ಸಮಾಧಾನ ಮಾಡಲಿಕ್ಕೆ ಅಂತ ಬಾಯಿ ಬಿಟ್ಟರು: "ಬೆಳಗ್ಗಿನಿಂದ ಏನೂ ತಿಂದಿರಲಿಲ್ಲ, ಅದಕ್ಕೇ ತಡ್ಕೊಳ್ಳಲಿಕ್ಕೆ ಆಗಲಿಲ್ಲ ಹುಡುಗನಿಗೆ. ಅವನೇ ಹೇಳಿದ, ಬೆಳಗ್ಗೆ ಏನೂ ತಿಂದಿಲ್ಲ ಅಂತ."

ಹಫೀಜಾ ಮಣಿ ಎಣಿಸುದನ್ನು ನಿಲ್ಲಿಸಿದಳು. "ಏನಂದ?"

ಗ್ರೆಗರಿ ಬೆಂಚಿನ ಹತ್ತಿರ ನಡೆದದ್ದನ್ನು ಮತ್ತೆ ಹೇಳಿದರು.

"ಬೆಳಗಾಗೂ ಮುಂಚೆ ಸೆಹರಿಗೆ ನಾನs ಎದುರಿಗೆ ಕುಂತು ಉಣ್ಣಿಸೀನಿ" ಅಂದಳು. "ರೊಟ್ಟಿ, ತತ್ತಿ, ಮೊಸರು. ಸಾಕಮ್ಮಿ, ಸಾಕಮ್ಮಿ ಅಂತ ಉಂಡಾನ. ರೋಜಾ ಹಿಡಿಯೋರು ಬೆಳಗಾಗೂ ಮುಂಚೆ ಉಣ್ತಾರ್ರೀ. ಅವ ಅದನ್ನ ಮರತಿದ್ದ. ಆ ಹುಡುಗಿ ಕೇಳಿದಾಗs ಮರತಿದ್ದ."

ಉಪವಾಸ ಅಂದರೆ ಬೆಳಗ್ಗೆ ತಿನ್ನುದಿಲ್ಲ ಅಂತ ಆ ಹುಡುಗಿ ತಿಳಿದುಕೊಂಡಳು, ಕೋಚ್ ತಿಳಿದುಕೊಂಡ. ಹದಿಮೂರು ವರ್ಷ ಅವರ ಈದಿನ ಬಿರಿಯಾನಿ ತಿಂದ ಗ್ರೆಗರಿಗೂ ಹೊಳೆಯಲಿಲ್ಲ. ಆ ಮಾತು ತಪ್ಪು ಅಂತ ಗೊತ್ತಾಗಬಹುದಾಗಿದ್ದ ಒಬ್ಬಳು ಸಮೋಸ ಮಾರ್ತಾ ಇದ್ದಳು. ಗ್ರೆಗರಿ ಗೋಡೆಗೆ ಒರಗಿ ನೆಲದಲ್ಲಿ ಕೂತುಬಿಟ್ಟರು. ಆ ಮೇಲೆ ಅವರನ್ನು ನಾನು ಎಷ್ಟು ಬೈದಿದ್ದೇನೋ ದೇವರಿಗೇ ಗೊತ್ತು. ಹಫೀಜಾ ಒಂದು ಮಾತು ಅನ್ನಲಿಲ್ಲ.

ಮರುದಿನ ಕೋಚ್ ಬಂದ. ಬಾಗಿಲಿನಷ್ಟು ದೊಡ್ಡ ಮನುಷ್ಯ, ಮಗುವಿನ ಹಾಗೆ ಅತ್ತ. ಹಫೀಜಾ ಅವನನ್ನು ಕೇಳಿದ್ದು ಇಷ್ಟೇ, "ನೀವೂ ರೋಜಾ ಅಂತಲೇ ತಿಳಿದಿರಾ?" ಅವನು ಹೌದು ಅಂದ. "ನಾನೂ" ಅಂದಳು. ಅವನಿಗೆ ಕುರ್ಚಿ ಎಳೆದು ಕೊಟ್ಟಳು. ನಾನಾಗಿದ್ದರೆ ಆ ಕುರ್ಚಿಯನ್ನೇ ಅವನ ತಲೆಗೆ ಹಾಕುತ್ತಿದ್ದೆ.

ಈದ್ ಹಬ್ಬ ಐಸಿಯು ಹೊರಗಿನ ಬೆಂಚಿನಲ್ಲಿ ಹೋಯಿತು. ಜೀವ ಉಳಿಯಿತು ಅಂದರು ಡಾಕ್ಟರು. ಕಣ್ಣು ಬಿಟ್ಟ, ಕೈ ಹಿಸುಕಿದರೆ ತಿರುಗಿ ಹಿಸುಕಿದ. ಆಮೇಲೆ ಊರ ಹೊರಗಿನ ರೇಹಾಕ್ಕೆ ಕಳಿಸಿದರು. ಇಂಥ ಪೇಷಂಟುಗಳಿಗೆ ನಡೆಯಲಿಕ್ಕೆ, ಮಾತಾಡಲಿಕ್ಕೆ ಮತ್ತೆ ಕಲಿಸುವ ಆಸ್ಪತ್ರೆ ಅದು. ಅಲ್ಲಿ ಶುರುವಾಯಿತು ಹೊಸ ಕಷ್ಟ. ಹುಡುಗ ಬಾಯಿ ತೆರೆಯುದಿಲ್ಲ. ಮೂಗಿನ ನಳಿಕೆಯಲ್ಲಿ ಆಹಾರ ಹೋಗ್ತಾ ಇತ್ತು. ಎಂಜಲು ನುಂಗ್ತಾನೆ, ಗಂಟಲು ಸರಿ ಉಂಟು, ಆದರೆ ಚಮಚ ಹತ್ತಿರ ತಂದರೆ ಹಲ್ಲು ಕಚ್ಚಿ ಮುಖ ಆಚೆ ತಿರುಗಿಸ್ತಾನೆ. ಬಾಯಿಂದ ತಿನ್ನದಿದ್ದರೆ ಹೊಟ್ಟೆಗೇ ತೂತು ಮಾಡಿ ನಳಿಕೆ ಹಾಕಬೇಕು, ಒಮ್ಮೆ ಹಾಕಿದರೆ ಬಹಳ ಕಾಲ ಇರ್ತದೆ ಅಂದರು.

ಹಫೀಜಾಳಿಗೆ ಹುಚ್ಚು ಹಿಡಿಯುದೊಂದು ಬಾಕಿ. ನುಣ್ಣಗೆ ಅರೆದ ಬಾಳೆಹಣ್ಣು, ಖರ್ಜೂರ ತರುವಳು, ಗಂಜಿ ತರುವಳು, ಕೆನ್ನೆ ಸವರುವಳು, ಬೈಯುವಳು. "ಒಂದ ಗುಟುಕು ಮಗನs, ನಿನ್ನ ಕಾಲಿಗೆ ಬೀಳ್ತೀನಿ" ಅಂತ ನಿಜವಾಗಿ ಅವನ ಪಾದ ಹಿಡಿದುಕೊಂಡದ್ದನ್ನು ನಾನು ನೋಡಿದ್ದೇನೆ. ನರ್ಸ್ ಅವಳನ್ನು ಎಬ್ಬಿಸಿ ಹೊರಗೆ ಕರೆದುಕೊಂಡು ಹೋದಳು. ಹೊಟ್ಟೆಯ ನಳಿಕೆಗೆ ದಿನ ಗೊತ್ತು ಮಾಡಿ ಆಗಿತ್ತು.

ಅದರ ಹಿಂದಿನ ದಿನ ಹಫೀಜಾ, ಹಿದಾಯತ್ ಭಾಯಿ, ನಾನು ಮೂವರೂ ಅವನ ಕೋಣೆಯಲ್ಲಿದ್ದೆವು. ಮಧ್ಯಾಹ್ನದ ಊಟ ಬಂತು. ಮುಆಜ್ ಮಾಮೂಲಿನ ಹಾಗೆ ಹಲ್ಲು ಕಚ್ಚಿ ಮುಖ ತಿರುಗಿಸಿದ. ಹಫೀಜಾ ಚಮಚ ಕೆಳಗಿಟ್ಟು ಅವನನ್ನೇ ನೋಡ್ತಾ ಕೂತಳು. "ಅಕ್ಕಾರ" ಅಂದಳು ಮೆಲ್ಲ, "ಇವ ನಮ್ಮ ಕಡೆಯಿಂದ ಮುಖಾ ತಿರುಗಸಾಕತ್ತಿಲ್ಲ. ಕಿಟಕಿ ನೋಡಾಕತ್ತಾನ."

ಕಿಟಕಿಯಲ್ಲಿ ಎಂತ ಇತ್ತು? ಬಿಸಿಲು ಇತ್ತು.

ಅವಳು ಎದ್ದಳು. ರೋಲಾಡನ್ ಪಟ್ಟಿ ಹಿಡಿದು ಸರ್ರೆಂದು ಇಳಿಸಿದಳು. ಕೋಣೆ ಕಪ್ಪಾಯಿತು. ಗಂಡನ ಕಡೆ ತಿರುಗಿ ಉರ್ದುವಿನಲ್ಲಿ ಏನೋ ಅಂದಳು. ಹಿದಾಯತ್ ಭಾಯಿಗೆ ಮೊದಲು ಅರ್ಥ ಆಗಲಿಲ್ಲ. ಆಮೇಲೆ ಗೋಡೆ ಹಿಡಿದುಕೊಂಡು ನಿಂತು ಅಜಾನ್ ಶುರು ಮಾಡಿದರು. ಮಗ ಹುಟ್ಟಿದಾಗ ಅವನ ಕಿವಿಯಲ್ಲಿ ಮೊದಲು ಹೇಳಿದ್ದೂ ಇದನ್ನೇ ಅಂತೆ. ನಡುವೆ ಒಮ್ಮೆ ನಿಲ್ಲಿಸಿ, ಮತ್ತೆ ಎತ್ತಿಕೊಂಡರು. ಅಜಾನ್ ಮುಗಿಯುವ ಹೊತ್ತಿಗೆ ಹಫೀಜಾ ಅರೆದ ಖರ್ಜೂರವನ್ನು ಚಮಚದಲ್ಲಿ ಹಿಡಿದಿದ್ದಳು. ಮುಆಜ್ ಬಾಯಿ ತೆರೆದ.

ಆ ಹುಡುಗ ಆ ರಂಜಾನಿನ ರೋಜಾವನ್ನೇ ಇನ್ನೂ ಹಿಡಿದುಕೊಂಡು ಇದ್ದ. ಯಾರೂ ಅವನಿಗೆ ಅದನ್ನು ಬಿಡಿಸಿರಲಿಲ್ಲ.

ನಾವು ಮೂವರೂ ಆ ಕತ್ತಲೆಯಲ್ಲಿ ಅತ್ತೆವು. ಹೊಟ್ಟೆಯ ನಳಿಕೆ ಬೇಡ ಅಂದರು ಡಾಕ್ಟರು. ಇನ್ನು ಎಲ್ಲ ಸರಿಯಾಗ್ತದೆ ಅಂದುಕೊಂಡೆವು. ಮರುದಿನ ಮಧ್ಯಾಹ್ನ ಚಮಚ ಹಿಡಿದರೆ ಮತ್ತೆ ಹಲ್ಲು ಕಚ್ಚಿದ, ಮತ್ತೆ ಕಿಟಕಿ ನೋಡಿದ. ಅದರ ಮರುದಿನವೂ. ಡಾಕ್ಟರು ಕೂರಿಸಿಕೊಂಡು ವಿವರಿಸಿದರು: ಪೆಟ್ಟಿನ ಮೊದಲಿನದ್ದೆಲ್ಲ ಅವನಿಗೆ ನೆನಪುಂಟು, ಹೊಸತು ಯಾವುದೂ ತಲೆಯಲ್ಲಿ ನಿಲ್ಲುದಿಲ್ಲ. ಒಂದು ನಿದ್ದೆ ಮಾಡಿ ಎದ್ದರೆ ಅಳಿಸಿಹೋಗ್ತದೆ. ಅವನಿಗೆ ದಿನಾ ರಂಜಾನ್.

ಅಂದಿನಿಂದ ಹಿದಾಯತ್ ಭಾಯಿ ಆಫೀಸಿನ ಹೊತ್ತು ಬದಲಾಯಿಸಿಕೊಂಡು ದಿನಾ ಮಧ್ಯಾಹ್ನ ಕಾರ್ ಓಡಿಸಿಕೊಂಡು ಹೋಗ್ತಾರೆ. ರೋಲಾಡನ್ ಇಳಿಸುದು, ಅಜಾನ್ ಕೊಡುದು, ಮಗನಿಗೆ ನೀರು ಕುಡಿಸುದು, ವಾಪಸು ಆಫೀಸು. ಫೋನಿನಲ್ಲಿ ರೆಕಾರ್ಡ್ ಮಾಡಿ ಇಟ್ಟುನೋಡಿದರು, ಹುಡುಗ ಒಪ್ಪಲಿಲ್ಲ. ಬೇಸಿಗೆಯಲ್ಲಿ ಇಲ್ಲಿ ಸೂರ್ಯ ಮುಳುಗುದೇ ಇಲ್ಲ ಅನ್ನಿ, ಊಟದ ಹೊತ್ತು ಮುಗಿದರೂ ಬೆಳಕು. ಆಗಲೂ ಇದನ್ನೇ ಮಾಡಿದರು. ಮೆಲ್ಲಮೆಲ್ಲ ಕೂರುವಷ್ಟಾದ, ಒಂದೆರಡು ಮಾತು ಬಂತು. ನೆನಪು ಬರಲಿಲ್ಲ.

ನವೆಂಬರಿನಲ್ಲಿ ಬರ್ಲಿನ್‌ನ ಮ್ಯಾಚ್ ಇದ್ದ ಭಾನುವಾರ ಹಿದಾಯತ್ ಭಾಯಿಗೆ ಜ್ವರ, ಕೆಮ್ಮು. ಕೆಮ್ಮು ಇದ್ದವರನ್ನು ಆ ವಾರ್ಡಿಗೆ ಬಿಡುದಿಲ್ಲ. ಹಫೀಜಾಳನ್ನು ನಾನು ಕರೆದುಕೊಂಡು ಹೋದೆ. ರೇಹಾದ ದೊಡ್ಡ ಹಾಲಿನಲ್ಲಿ ಟಿವಿ ಹಾಕಿದ್ದರು. ಆಟಕ್ಕೆ ಇನ್ನೂ ಹೊತ್ತಿತ್ತು, ಆದರೂ ಸ್ಟೇಡಿಯಂ ತೋರಿಸುದು, ಜನ ಬಾವುಟ ಹಿಡಿದು ಕುಣಿಯುದು, ನಿರೂಪಕರು ಕಿರುಚುದು. ವೀಲ್‌ಚೇರಿನವರೆಲ್ಲ ಅದರ ಎದುರು. ನಾನು ಬಾಗಿಲು ಹಾಕಿದೆ, ಆದರೂ ಸದ್ದು ಒಳಗೆ ಬರ್ತಾ ಇತ್ತು.

ಮುಆಜ್ ದಿಂಬಿಗೆ ಒರಗಿ ಕಿಟಕಿ ನೋಡ್ತಾ ಇದ್ದ. ಊಟ ತಣ್ಣಗಾಗ್ತಾ ಇತ್ತು. ಹಫೀಜಾ ರೋಲಾಡನ್ ಇಳಿಸಿದಳು. ಆಮೇಲೆ ಕತ್ತಲೆಯಲ್ಲಿ ಆ ಪಟ್ಟಿ ಹಿಡಿದುಕೊಂಡೇ ನಿಂತಳು.

"ಹೆಂಗಸ್ರು ಅಜಾನ್ ಕೊಡಬಾರ್ದ ಅಂತಾರ ಅಕ್ಕಾರ" ಅಂದಳು.

ನಾನೆಂತ ಹೇಳಲಿ? "ನಿನ್ನ ಮಗನಿಗೆ ಹಸಿವಾಗಿದೆ" ಅಂದೆ.

ಅವಳು ದುಪಟ್ಟಾ ಸರಿಮಾಡಿಕೊಂಡು ಶುರು ಮಾಡಿದಳು. ಲಾಲಿ ಹಾಡುವಷ್ಟು ಮೆಲ್ಲ. ಆಚೆ ಸಾವಿರಾರು ಜನ ಬೊಬ್ಬೆ ಹೊಡೆಯುತ್ತಿದ್ದರು, ಈಚೆ ಇವಳ ಸ್ವರ. ಅಪ್ಪನ ಅಜಾನ್ ಅಲ್ಲ ಅಂತ ಹುಡುಗ ಒಪ್ಪದಿದ್ದರೆ ಅಂತ ನಾನು ರೋಸರಿ ಹಿಡಿದುಕೊಂಡೆ. ಮುಗಿಸಿ, ಚಮಚ ಹಿಡಿದುಕೊಂಡು ಅವನ ತುಟಿಯ ಹತ್ತಿರ ತಂದಳು. ಆಮೇಲೆ ನುಂಗಿದ ಸದ್ದು ಕೇಳಿತು.

ಖರ್ಜೂರ ತಿಂದ, ನೀರು ಕುಡಿದ, ಪೂರ್ತಿ ಊಟ ಮಾಡಿದ. ದಿನಾ ಊಟ ಆದ ಮೇಲೆ ಅವನು ಒಂದು ಮಾತು ಹೇಳ್ತಾನೆ ಅಂತ ನನಗೆ ಗೊತ್ತಿರಲಿಲ್ಲ. ಹಫೀಜಾ ಅದನ್ನು ಯಾವತ್ತೂ ನನಗೆ ಹೇಳಿರಲಿಲ್ಲ. ಆ ದಿನ ಮೊದಲ ಸಲ ನನ್ನ ಕಿವಿಯಿಂದಲೇ ಕೇಳಿದೆ. ಜರ್ಮನ್ ಅಲ್ಲ, ಅವರ ಮನೆಯ ಉರ್ದುವಿನಲ್ಲಿ, ಒಂದೊಂದು ಶಬ್ದಕ್ಕೂ ನಿಂತು ನಿಂತು ಹೇಳಿದ. ನನಗೂ ಅರ್ಥ ಆಯಿತು.

"ಅಮ್ಮಿ, ನಾಳೆ ಮ್ಯಾಚ್. ಸೆಹರಿಗೆ ಎಬ್ಬಿಸು."

"ಎಬ್ಬಿಸ್ತೀನಿ ಮಗನೇ" ಅಂತ ಅವಳೂ ಉರ್ದುವಿನಲ್ಲೇ ಹೇಳಿ, ಅವನ ಬಾಯಿ ಒರೆಸಿ, ಹೊದಿಕೆ ಎಳೆದಳು. ಅವನು ಕಣ್ಣು ಮುಚ್ಚಿದ. ಹಫೀಜಾ ಅವನ ಎದೆಯ ಮೇಲೆ ಕೈಯಿಟ್ಟು, ಉಸಿರು ಸರಿಯಾಗಿ ಬರ್ತಾ ಉಂಟಾ ಅಂತ ನೋಡ್ತಾ ಕೂತಳು. ಹೊರಗೆ ಇನ್ನೂ ಮಧ್ಯಾಹ್ನ.